ನಾಕಾದಲ್ಲಿ ಸರ್ವೆ

ಅರ್ಥಶಾಸ್ತ್ರ ಓದುವ ಅಂಬಿಕಾಗೆ ಮೂರನೆಯ ವರ್ಷ ಪೂರ್ತಿ ಕಂಪನಿಯೊಂದರಲ್ಲಿ ಕೆಲಸ ಕಲಿಯುವುದಿತ್ತು. ಹೆತ್ತವರು ನೆಮ್ಮದಿಯಿಂದಿರಲೆಂದು ಮನೆಯಲ್ಲಿ ಎ.ಸಿ. ಆಫೀಸು ಎಂದಿದ್ದಳು. ಸಿಕ್ಕಿದ್ದು ಮಾತ್ರ ಬಿಸಿಲಲ್ಲಿ ನಿಂತು ಕೂಲಿಗಳ ಸರ್ವೆ ಮಾಡುವ ಕೆಲಸ.

ಅಂದು ಬೆಳಿಗ್ಗೆ ರಸ್ತೆಗಳು ಕೂಡುವ ಭಾಂಡುಪ್ ನಾಕಾದಲ್ಲಿ ದಿನಗೂಲಿಗೆ ಕಾದು ನಿಂತವರ ಸಾಲಿತ್ತು. ಅಂಬಿಕಾ ಫಾರ್ಮಿನಿಂದ ತಲೆಯೆತ್ತಿದಳು. ಎದುರಿಗೆ ಸಲಿಕೆ ಹಿಡಿದು ನಿಂತವನು ಅವಳಪ್ಪ ಮರೆಪ್ಪ! ಸಾಂತಾಕ್ರೂಜ್‌ನ ವಸತಿ ಸೊಸೈಟಿಯಲ್ಲಿ ತನ್ನದು ಖಾಯಂ ವಾಚ್‌ಮನ್ ಕೆಲಸವೆಂದು ಹತ್ತು ವರ್ಷದಿಂದ ಹೇಳುತ್ತ ಬಂದಿದ್ದ ಅಪ್ಪ.

ಪಕ್ಕದಲ್ಲೇ ಮೇಲಧಿಕಾರಿ. ಅಪ್ಪಾ ಎನ್ನದೆ ಅವಳು ಪೆನ್ನೆತ್ತಿಕೊಂಡಳು. ಫಾರ್ಮಿನ ಪ್ರಶ್ನೆಯನ್ನೇ ಕೇಳಿದಳು: "ಮನ್ಯಾಗ ಕಲ್ತವ್ರು ಯಾರದಾರ?"

"ಮಗಳೊಬ್ಬಾಕಿ ಅದಾಳ್ರಿ ಮೇಡಂ," ಎಂದ ಮರೆಪ್ಪ, ಬಿಸಿಲಿಗೆ ಕಂದಿದ ಅವಳ ಮುಖವನ್ನೇ ನೋಡುತ್ತ. "ದೊಡ್ಡ ಆಫೀಸಿನ್ಯಾಗ ಎ.ಸಿ. ಕೆಳಗ ಕುಂತಿರ್ತಾಳ್ರಿ."