ಚಿಗರಿಗಳ ಪರ ನಿಂತ ನೀಲವ್ವ

ನೀಲವ್ವ ಪಂಚಾಯ್ತಿ ಸದಸ್ಯೆಯಾದ ಮೇಲೆ ಗ್ರಾಮಸಭೆಗೆ ಊರವರು ಮೈಕು ತರುವುದನ್ನೇ ಬಿಟ್ಟರು. ಆಕೆಯ ದನಿಗೆ ಅದರ ಅಗತ್ಯವಿರಲಿಲ್ಲ. ಉಳಿದವರಿಗೆ ಮಾತಾಡಲು ಅವಕಾಶವೂ ಇರಲಿಲ್ಲ. ಶಲವಡಿಯ ಆಚೆಗಿನ ಆ ಊರಿನ ಶಾಲೆಗೆ ಶಿಕ್ಷಕಿಯಾಗಿ ಬಂದ ನಾನು ಆಕೆಯ ಬಾಜು ಮನೆಯಲ್ಲೇ ಬಾಡಿಗೆಗಿದ್ದೆ. ಬೆಳಿಗ್ಗೆ ಗೋಡೆಯಾಚೆಯಿಂದ "ಅಕ್ಕೋರ, ಚಾ ಆತೇನ್ರಿ?" ಎಂದು ಕೂಗಿದರೆ ಇಡೀ ಓಣಿಯೇ "ಆತು" ಎನ್ನುತ್ತಿತ್ತು.

ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತಾಯಿಯಿಲ್ಲದ ತಮ್ಮ ಬಸಪ್ಪನನ್ನು ಸಾಕಿ, ಮದುವೆ ಮಾಡಿ, ಬಾಳಿಗೆ ಹಚ್ಚಿದವಳು ಆಕೆಯೇ. ಬಸಪ್ಪ ಕುರಿ ಕಾಯುತ್ತಿದ್ದ. ಎರೆಹೊಲಗಳ ನಡುವೆ ಉಳಿದಿದ್ದ ಗಾಯರಾಣ, ಅಂದರೆ ಊರೊಟ್ಟಿನ ಹುಲ್ಲುಗಾವಲು, ಅವನ ಕುರಿಗಳಿಗೂ ಕೃಷ್ಣಮೃಗಗಳಿಗೂ ಆಸರೆಯಾಗಿತ್ತು. ಕೃಷ್ಣಮೃಗವನ್ನು ನಮ್ಮ ಕಡೆ ಚಿಗರಿ ಎನ್ನುತ್ತಾರೆ. ಹೆಸರಿನ ಬೆಳೆಗೆ ಬಾಯಿ ಹಾಕಿದವೆಂದು ಯಾರಾದರೂ ಚಿಗರಿಗಳನ್ನು ಬೈದರೆ ನೀಲವ್ವ ಬಿಡುತ್ತಿರಲಿಲ್ಲ. "ನಿನ್ನ ಹೊಲ ಆಗೂಕಿಂತ ಮೊದಲ ಅದು ಅವುಗಳ ಮನಿ ಇತ್ತಲೇ. ನಿನ್ನ ಕಡೆ ಬಾಡಿಗಿ ಕೇಳ್ಯಾವೇನು?"

ಗಾಯರಾಣದಲ್ಲಿ ಸೋಲಾರ್ ಫಲಕ ಹಾಕುವ ಸುದ್ದಿ ಹಬ್ಬಿದಾಗ ನೀಲವ್ವ ಎದ್ದು ನಿಂತಳು. ಆ ಜಾಗವನ್ನು ಸರ್ಕಾರವೇ ಚಿಗರಿಗಳಿಗೆ ಮೀಸಲೆಂದು ಘೋಷಿಸಬೇಕೆಂದು ಹಠ ಹಿಡಿದು, ಧಾರವಾಡ, ಬೆಂಗಳೂರು ಎಂದು ವರ್ಷಗಟ್ಟಲೆ ಅಲೆದಳು. ಕೊನೆಗೊಮ್ಮೆ ಅಧಿಕಾರಿಯೊಬ್ಬರು ಗ್ರಾಮಸಭೆಗೆ ಬಂದರು.

"ಮೀಸಲಾದ್ರ ಒಳಗ ಕುರಿ ಬಿಡಾಕ ಬರ್ತೈತೇನ್ರಿ, ಸಾಹೇಬ್ರ?" ಎಂದು ಆಕೆಯೇ ಕೇಳಿದಳು.

"ಬರೋದಿಲ್ಲಮ್ಮ."

ಎಲ್ಲರೂ ಬಸಪ್ಪನ ಕಡೆ ತಿರುಗಿದರು. ಅವನು ಕಂಬಕ್ಕೊರಗಿ ನಿಂತಿದ್ದ. "ಅಕ್ಕಾ, ಕುರಿ ಎಲ್ಲಿ ಹೊಡಕೊಂಡ ಹೋಗ್ಲಿ ನಾ?"

"ಕುರಿಗೆ ನೀ ಅದಿ. ಅವಕ್ಕ ಯಾರದಾರೋ, ಬಸ್ಯಾ?" ಎಂದ ನೀಲವ್ವ ಒಪ್ಪಿಗೆಯ ಕೈಯನ್ನು ಎಲ್ಲರಿಗಿಂತ ಮೊದಲು ಎತ್ತಿದಳು.

ಅಂದು ಸಂಜೆ ಬಸಪ್ಪ ಆಕೆಯ ಅಂಗಳದಲ್ಲಿ ನಿಂತು ಹೇಳಿದ್ದು ನನ್ನ ಮನೆಗೂ ಕೇಳಿಸಿತು. "ಸೋಲಾರಿನವರು ಕಸಗೊಂಡಿದ್ರ ತಡಕೋತಿದ್ದೆ. ನೀ ಕಸಗೊಂಡಿ."

ಘೋಷಣೆಯಾಯಿತು. ಚಿಗರಿಗಳಿಗೆ ಮೀಸಲೆಂದು ಬೋರ್ಡು ನೆಟ್ಟರು, ಕುರಿ-ದನ ದಾಟದಂತೆ ಸುತ್ತ ಅಗಳು ತೋಡಿದರು. ಬಸಪ್ಪ ಕುರಿಗಳನ್ನು ಹೊಡೆದುಕೊಂಡು ಕುಬಿಹಾಳದ ಕಡೆ, ಹೆಂಡತಿಯ ತವರಿಗೆ ಹೋದ. ಪ್ರತಿ ನಾಗರ ಪಂಚಮಿಗೆ ಅಕ್ಕನನ್ನು ಮನೆಗೆ ಕರೆದೊಯ್ಯಲು ಬರುತ್ತಿದ್ದವನು ಆ ವರ್ಷ ಬರಲಿಲ್ಲ. ನೀಲವ್ವ ಉಂಡಿ ಕಟ್ಟಿ ಬಸ್ಸಿನವರ ಕೈಯಲ್ಲಿ ಕಳಿಸಿದಳು. ಗಂಟು ಬಿಚ್ಚದೆ ಹಾಗೇ ವಾಪಸು ಬಂತು. ಅದನ್ನು ಮಡಿಲಲ್ಲಿಟ್ಟುಕೊಂಡು ಆಕೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದಾಗ, "ತಿನ್ರಿ ಅಕ್ಕೋರ, ಕೆಟ್ಟಿಲ್ಲ" ಎಂದಳು.

ಮರುವರ್ಷ ಆಕೆಗೆ ಪಿತ್ತಕೋಶದ ಕ್ಯಾನ್ಸರ್ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಮನೆಗೆ ಕರೆತಂದ ಮೇಲೆ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಬಸ್ಯಾಗ ಹೇಳ್ರಿ, ನಾ ಮಾಡಿದ್ದು ತಪ್ಪಲ್ಲ. ಆದ್ರ ಅಂವಾ ಸಿಟ್ಟಾಗಿದ್ದೂ ತಪ್ಪಲ್ಲ" ಎಂದಳು. ನಾನು ಅವನಿಗೆ ಫೋನು ಮಾಡಿ ಅದನ್ನೇ ಹೇಳಿದೆ. ಮರುದಿನ ಅವನು ಬಸ್ಸಿಳಿದು ಓಡೋಡಿ ಬಂದಾಗ ಜೀವ ಬಿಟ್ಟ ಆಕೆಯನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ ಹಚ್ಚಿ.

ಅವರ ತಂದೆ-ತಾಯಿಯನ್ನು ಮಣ್ಣು ಮಾಡಿದ್ದು ಗಾಯರಾಣದಲ್ಲೇ. ಆಕೆಯನ್ನೂ ಅಲ್ಲೇ ಮಣ್ಣು ಮಾಡೋಣವೆಂದು ಊರವರು ಹೊರಟರು. ಮೀಸಲಿನ ಕಾವಲಿನವನು ಕಣ್ಣೊರೆಸಿಕೊಂಡು, "ಇವತ್ತೊಂದಿನ ನಾ ನೋಡಿಲ್ಲ ಅಂತೀನ್ರಿ, ಬರ್ರಿ" ಎಂದ.

ಬಸಪ್ಪ ಅಡ್ಡ ನಿಂತ. "ಬ್ಯಾಡ್ರಿ. ಆಕಿ ತಂದ ಕಾಯ್ದೆ, ಆಕಿ ಸಲುವಾಗಿ ಮುರಿಯೂದು ಬ್ಯಾಡ."

ಅಗಳಿನಾಚೆ ಅವನದೊಂದು ತುಂಡು ಹೊಲವಿತ್ತು. ಅಲ್ಲಿ ಅವನೇ ಗುಂಡಿ ತೋಡಿದ. ಸಲಿಕೆಯನ್ನು ಯಾರ ಕೈಗೂ ಕೊಡಲಿಲ್ಲ. ತೋಡಿ ಮುಗಿದರೂ ಮೇಲೆ ಬರಲಿಲ್ಲ, ಎರೆಮಣ್ಣಿಗೆ ಹಣೆ ಹಚ್ಚಿ ಒಳಗೇ ನಿಂತುಬಿಟ್ಟ. ಕೊನೆಗೆ ಇಬ್ಬರು ರಟ್ಟೆ ಹಿಡಿದು ಅವನನ್ನು ಮೇಲೆತ್ತಿದರು.