ಮಂಗನಬಾವೂ ನನ್ನ ಕಾವಲುಗಾರರೂ

ಮೊನ್ನೆ ಇಳಕಲ್ಲಿನಲ್ಲಿ ಅಕ್ಕ ಟ್ರಂಕು ತೆರೆದು ತನ್ನ ಮದುವೆಯ ಸೀರೆ ಹೊರತೆಗೆದಳು. ಒಣಬೇವಿನೆಲೆಯ ವಾಸನೆಯೊಂದಿಗೆ ಆ ಸೀರೆ ಕಂಡದ್ದೇ, ನನ್ನ ಕೈ ತಾನಾಗಿ ಕಿವಿಯ ಕೆಳಗೆ ಹೋಯಿತು. ಬಾವು ಇಲ್ಲ. ಎಂಬತ್ತರ ದಶಕದ ಕೊನೆಯಿಂದಲೂ ಇಲ್ಲ. ಆದರೂ ನೋಡಿಕೊಳ್ಳುವುದು ನನ್ನ ಪದ್ಧತಿ.

ಆಗ ನಾನು ಪಿಯುಸಿ. ಏಡ್ಸ್ ಎಂಬ ಹೆಸರು ಪೇಪರಿನಲ್ಲಿ ಬರತೊಡಗಿತ್ತು. ಜೀವಶಾಸ್ತ್ರದ ಮಾಸ್ತರು ನೇಕಾರರ ಮಕ್ಕಳಿಗೆ ತಿಳಿಯುವಂತೆ ಹೇಳಿದರು: "ಈ ವೈರಸ್ಸು ಮೈ ಕಾಯೋ ಬಿಳಿ ಕಣದಾಗನ ಮಗ್ಗ ಹೂಡ್ತೈತಿ. ಅದರಾಗ ಟಿ ಅನ್ನೋ ಕಣ ಮಲಗಿದ್ರ ಮಗ್ಗ ಸುಮ್ಮನ. ಎದ್ದು ಕೆಲಸಕ್ಕ ನಿಂತ್ರ ಒಂದೆರಡು ದಿನದಾಗ ಸಾವಿರಾರು ವೈರಸ್ ನೇಯ್ದು ತಾನೂ ಸಾಯ್ತೈತಿ. ಇನ್ನ ಕಸ ನುಂಗೋ ದೊಡ್ಡ ಕಣ ಐತಲ್ಲ, ಅದು ಲಗೂನ ಸಾಯಂಗಿಲ್ಲ. ನಿಧಾನಕ್ಕ ಭಾಳ ದಿನ ನೇಯ್ಕೋತ ಕುಂದರ್ತೈತಿ."

ಉಳಿದವರು ಇದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ನಾನು ಮೈಗೆ ಇಳಿಸಿಕೊಂಡೆ.

ಆ ವಾರವೇ ನನಗೆ ಕಿವಿಯ ಕೆಳಗೆ ಬಾವು, ಜ್ವರ. "ಮಂಗನಬಾವು. ವೈರಸ್ಸು. ವಾರದಾಗ ಹೋಗ್ತೈತಿ" ಎಂದರು ಡಾಕ್ಟರು. ನನ್ನ ತಲೆಗೆ ಹೋದದ್ದು ನಡುವಿನ 'ವೈರಸ್ಸು' ಎಂಬ ಮಾತೊಂದೇ. ಕಾವಲಿನ ಕಣಗಳು ಎದ್ದರೆ ತಾನೇ ಆಪತ್ತು? ಮಲಗಿಸಿಯೇ ಇಡೋಣ! ಅರಿಷಿಣದ ಹಾಲು ಬೇಡ, ಟಾನಿಕ್ ಬೇಡ, ಏಳುವುದಂತೂ ಬೇಡವೇ ಬೇಡ. ಜ್ವರ ಇಳಿದು ಬಾವು ಇಂಗಿದ ಮೇಲೂ ಕಂಬಳಿ ಹೊದ್ದೇ ಇದ್ದೆ.

ಅತ್ತ ಅಕ್ಕನ ಮದುವೆಯ ಸೀರೆ ಮಗ್ಗದ ಮೇಲೆ ನಿಂತಿತ್ತು. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕುವ ಕೆಲಸ, ಮೂವರು ಬೇಕು. ಅಪ್ಪ ತೀರಿಹೋಗಿದ್ದ, ಮನೆಯಲ್ಲಿದ್ದವರೇ ಮೂವರು. ಮದುವೆಗೆ ಎಂಟು ದಿನ. ನೇಕಾರರ ಮಗಳು ಪರರು ನೇಯ್ದ ಸೀರೆಯುಟ್ಟು ಹಸೆಗೇರುವುದೆಂದರೆ, ಅದಕ್ಕಿಂತ ದೊಡ್ಡ ಜ್ವರವಿಲ್ಲ.

"ಏಳಲೇ, ಕೈ ಹಚ್ಚು" ಎಂದಳು ಅವ್ವ.

"ನಾ ಎದ್ರ ಕಣಾನೂ ಏಳ್ತಾವಬೇ. ವೈರಸ್ ನೇಯ್ತಾವು."

ಅವ್ವ ಸೊಂಟದ ಮೇಲೆ ಕೈಯಿಟ್ಟಳು. "ನಿನಗಿಂತ ಆ ಕಣಾನ ಪಾಡ ಬಿಡು. ಸಾಯೂಮುಂದನೂ ನೇಯ್ತಾವು. ನೀ ಬದುಕಿದ್ದೂ ನೇಯವಲ್ಲಿ."

ಅಕ್ಕ ಎಳೆ ಹಿಡಿದು ನನ್ನ ಖಾಲಿ ಜಾಗ ನೋಡುತ್ತ ಕೂತಿದ್ದಳು. ಅದನ್ನು ನೋಡಲಾಗದೆ ಎದ್ದೆ. ಮಧ್ಯಾಹ್ನವಿಡೀ ಕೊಂಡಿ ಹಾಕಿದೆ, ನಡುನಡುವೆ ಕುತ್ತಿಗೆ ಮುಟ್ಟಿಕೊಳ್ಳುತ್ತ. ವೈರಸ್ಸೇನೂ ಹೆಚ್ಚಲಿಲ್ಲ, ಹೆಚ್ಚಿದ್ದು ತಪ್ಪು ಕೊಂಡಿಗಳು. ಆಮೇಲೆ ವಿಷಯ ತಿಳಿದ ಮಾಸ್ತರು ಹೊಟ್ಟೆ ಹಿಡಿದು ನಕ್ಕರು. "ಲೇ, ಅದು ಆ ರೋಗದ ಕತಿ. ನಿನ್ನ ಬಾವು ಇಳಿಸಿದವ್ರೇ ನಿನ್ನ ಕಾವಲುಗಾರರು. ಪಾಪ, ನೀ ಅವ್ರಿಗೆ ಹಾಲೂ ಕುಡಸ್ಲಿಲ್ಲ!"

ಮೊನ್ನೆ ಅಕ್ಕ ಸೆರಗಿನ ಜೋಡಣೆಯ ಮೇಲೆ ಬೆರಳಿಟ್ಟಳು. ಅಲ್ಲಿ ಒಂದಂಗುಲ ಸೊಟ್ಟ.

"ಇದ ನೋಡು ನಿನ್ನ ಮಂಗನಬಾವು. ಬಿಚ್ಚಿ ಹಾಕೂಣು ಅಂದಿದ್ಲು ಅವ್ವ. ನಾನ ಬ್ಯಾಡ ಅಂದೆ."

ಕಿವಿಯ ಕೆಳಗಿದ್ದ ಕೈಯನ್ನು ತೆಗೆದು ಆ ಸೊಟ್ಟದ ಮೇಲೆ ಇಟ್ಟೆ.