ಹೆಬ್ಬೆರಳು ಒತ್ತಿ ನೋಡಿದ ಬೆಲ್ಟು

ಶಿವಮೊಗ್ಗದ ವಿದ್ಯಾನಗರದ ರೈಲ್ವೆ ಗೇಟು ಬೀಳುವ ಮುಂಚೆ ಗಂಟೆ ಬಡಿದುಕೊಳ್ಳುತ್ತದೆ. ಟಿಣ್ ಟಿಣ್ ಎಂದು, ಯಾರನ್ನೋ ಅವಸರದಲ್ಲಿ ಊಟಕ್ಕೆ ಕರೆಯುವ ಹಾಗೆ. ಆಮೇಲೆ ಕಂಬ ಕಿರುಗುಟ್ಟುತ್ತಾ ಇಳಿಯುತ್ತದೆ. ಅದರ ಈಚೆಗೆ ಬಸ್ಸು, ಆಟೋ, ಲೂನಾ, ಮೂಟೆ ಹೇರಿದ ಟೆಂಪೋ ಸಾಲಾಗಿ ನಿಂತು ಗುರುಗುಡುತ್ತಿರುತ್ತವೆ. ಗೇಟಿಗೆ ಹತ್ತಿರದ ಅಡ್ಡರಸ್ತೆಯಲ್ಲೇ ಮನೆಯಿರುವ ಸುಭದ್ರಮ್ಮನಿಗೆ ಈ ಸದ್ದೇನೂ ಹೊಸದಲ್ಲ. ಆದರೆ ೨೦೦೩ರ ಆ ಮಳೆಗಾಲದ ಕೊನೆಯಲ್ಲಿ, ತಾವು ಓಡಿಸುತ್ತಿದ್ದ ಕಾರು ಗ್ಯಾರೇಜು ಸೇರಿದ ಮೇಲೆ, ಗಂಟೆ ಕೇಳಿದಾಗಲೆಲ್ಲ ಅವರ ಎಡಗಾಲು ತಾನಾಗಿಯೇ ಅಡುಗೆಮನೆಯ ನೆಲವನ್ನು ಒತ್ತುತ್ತಿತ್ತು, ಕ್ಲಚ್ ಒತ್ತಿದ ಹಾಗೆ. ಒತ್ತಿದ್ದು ಗೊತ್ತಾದ ಕೂಡಲೇ ಸಿಟ್ಟು ಬರುತ್ತಿತ್ತು.

ಸುಭದ್ರಮ್ಮ ವಿಮೆ ಮಾಡಿಸುವ ಏಜೆಂಟು. ಮದುವೆಯಾಗಿ ಈ ಮನೆಗೆ ಬಂದಾಗ ಅವರಿಗೆ ಒಬ್ಬರೇ ಬಸ್ಸು ಹತ್ತಿ ಗೊತ್ತಿರಲಿಲ್ಲ. ಗಂಡ ಪರಮೇಶ್ವರಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ, ಯಾರ ಮಾತಿಗೂ ಎದುರು ಹೇಳದ ಮನುಷ್ಯ. ಪಕ್ಕದ ಮನೆಯವರ ಒತ್ತಾಯಕ್ಕೆ ಏಜೆನ್ಸಿ ಹಿಡಿದ ಸುಭದ್ರಮ್ಮ, ಸಿಟಿ ಬಸ್ಸಿನಲ್ಲಿ ಚೀಲ ಎದೆಗವಚಿಕೊಂಡು ಶಿವಮೊಗ್ಗದ ಬೀದಿಗಳನ್ನೆಲ್ಲ ಸುತ್ತಿದರು. ಆಮೇಲೆ ಭದ್ರಾವತಿಯ ಕಾರ್ಖಾನೆಯವರ ಕ್ವಾರ್ಟರ್ಸುಗಳಿಗೂ ಹೋದರು. ಜಗುಲಿಯಲ್ಲಿ ಕೂತು ಅವರು ಹೇಳುತ್ತಿದ್ದ ಮಾತು ಎಲ್ಲ ಕಡೆಯೂ ಒಂದೇ. ಎಲ್ಲಾ ನೆಟ್ಟಗಿರುವಾಗ ಸ್ವಲ್ಪ ಕಟ್ಟಿ, ಕೆಟ್ಟ ಮೇಲೆ ಕಟ್ಟೋಕೆ ಯಾರ ಕೈಲೂ ಆಗೋದಿಲ್ಲ. ಜನ ಆ ಮಾತು ಕೇಳಿದರು. ಅವರ ಮನೆಯವರು ಮಾತ್ರ ಕೇಳಲಿಲ್ಲ.

ಕಾರು ಕೊಂಡಿದ್ದು ಆ ದುಡಿಮೆಯಿಂದಲೇ. ಹಳೆಯದು, ಬಿಳಿಯದು, ಡೀಸೆಲ್ಲು. ರಿಜಿಸ್ಟರ್ ಮಾಡಿಸಿದ್ದು ಗಂಡನ ಹೆಸರಿಗೆ, ಹಾಗೆ ಮಾಡಬಾರದು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಪರಮೇಶ್ವರಪ್ಪನವರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಸುಭದ್ರಮ್ಮ ಕಲಿತರು. ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲೆತ್ತಿ ಸಿಕ್ಕಿಸಿಕೊಂಡು, ಹವಾಯಿ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಓಡಿಸುತ್ತಿದ್ದರು. ಭದ್ರಾವತಿ ರಸ್ತೆಯಲ್ಲಿ ಗಾಜು ಇಳಿಸಿಕೊಂಡು ಹೋಗುವಾಗ ಎರಡೂ ಕಡೆಯ ಗದ್ದೆಯ ಗಾಳಿ ಒಳಗೆ ಬಂದು ಸೆರಗನ್ನು ಹಿಂದಿನ ಸೀಟಿನವರೆಗೂ ಹಾರಿಸುತ್ತಿತ್ತು. ಆ ದಾರಿಯುದ್ದಕ್ಕೂ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕಾಫಿ ಆಯ್ತಾ ಎಂದೂ ಕೇಳುತ್ತಿರಲಿಲ್ಲ.

ಬೆಲ್ಟಿನ ಮಾತು ಮೊದಲು ಎತ್ತಿದ್ದು ಗ್ಯಾರೇಜಿನ ನಾಗಯ್ಯ. ಎಂಜಿನ್ನಿನ ಪಕ್ಕದಲ್ಲಿ, ಮುಚ್ಚಳದ ಹಿಂದೆ, ಹಲ್ಲುಹಲ್ಲಾದ ಒಂದು ರಬ್ಬರ್ ಬೆಲ್ಟು ಇರುತ್ತದೆ. ಕೆಳಗಿನಿಂದ ಏರುವ ಪಿಸ್ಟನ್ನೂ ಮೇಲಿನಿಂದ ಇಳಿಯುವ ವಾಲ್ವೂ ಒಂದಕ್ಕೊಂದು ತಗುಲದಂತೆ ಹೊತ್ತುಹೊತ್ತಿಗೆ ಆಡಿಸುವುದು ಅದರ ಕೆಲಸ. ಅದಕ್ಕೇ ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಇಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಕಂಪನಿಯವರೇ ಹೇಳಿರ್ತಾರೆ, ನಿಮ್ಮದು ಆಗಲೇ ದಾಟಿದೆ, ಎಂದ ನಾಗಯ್ಯ. ಬೆಲ್ಟಿನ ಬೆಲೆ ಒಂದು ಒಳ್ಳೆ ಸೀರೆಯಷ್ಟು. ಆದರೆ ಅದನ್ನು ಹಾಕಬೇಕಾದರೆ ಎಂಜಿನ್ನನ್ನು ಒಂದು ಕಡೆಯಿಂದ ಇಳಿಸಬೇಕು, ಗುರುತಿಗೆ ಗುರುತು ಕೂಡಿಸಬೇಕು, ಒಂದು ಹಲ್ಲು ಆಚೀಚೆಯಾದರೂ ಮತ್ತೆ ಮೊದಲಿನಿಂದ. ಬಿಚ್ಚಿದ ಮೇಲೆ ಬೆಲ್ಟನ್ನು ಬಿಗಿಹಿಡಿಯುವ ಉರುಳೆ, ವಾಟರ್ ಪಂಪು ಎಲ್ಲವನ್ನೂ ಬದಲಿಸುವುದು ಒಳ್ಳೆಯದು. ಸಾಮಾನು ಬೆಂಗಳೂರಿಂದ ಬರಬೇಕು. ಕೂಲಿಯೇ ಬೆಲ್ಟಿಗಿಂತ ಹೆಚ್ಚು.

ಓಡುತ್ತಿರುವ ಗಾಡಿಯನ್ನು ಬಿಚ್ಚಬೇಕು ಎಂದರೆ ಪರಮೇಶ್ವರಪ್ಪನವರಿಗೆ ಅರ್ಥವೇ ಆಗಲಿಲ್ಲ. ಅಣ್ಣನನ್ನು ಒಂದು ಮಾತು ಕೇಳೋಣ ಎಂದರು.

ಅಣ್ಣ ಎಂದರೆ ಭದ್ರಾವತಿ ನ್ಯೂ ಟೌನಿನ ಹಾಲಸ್ವಾಮಿ. ಕಾರ್ಖಾನೆಯಲ್ಲಿ ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಬೆಲ್ಟಿನ ಮೇಲ್ವಿಚಾರಕರಾಗಿ ನಿವೃತ್ತರಾದವರು. ಬಾಗಿಲಿನಷ್ಟು ಅಗಲದ ಆ ಬೆಲ್ಟಿನ ಪಕ್ಕದಲ್ಲಿ ನಡೆದು, ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಇದು ಇನ್ನೊಂದು ಬೇಸಿಗೆ ತಡೆಯುತ್ತೆ, ಇದು ತಡೆಯೋದಿಲ್ಲ ಎಂದು ಹೇಳುತ್ತಿದ್ದರಂತೆ. ಹೇಳಿದ್ದು ತಪ್ಪುತ್ತಲೂ ಇರಲಿಲ್ಲವಂತೆ. ಅಲ್ಲಿನವರು ಅವರನ್ನು ಬೆಲ್ಟ್‌ಸ್ವಾಮಿ ಎಂದೇ ಕರೆಯುತ್ತಿದ್ದರು. ಆ ಕುಟುಂಬದಲ್ಲಿ ಮಿಕ್ಸಿ ಕೆಟ್ಟರೂ ಮೋಟರು ಕೆಟ್ಟರೂ ಹಾಲಸ್ವಾಮಿಯವರ ಮಾತೇ ಕಡೆಯ ಮಾತು.

ಒಂದು ಭಾನುವಾರ ಅವರು ಬಂದರು. ಅಕ್ಕಿರೊಟ್ಟಿ, ಎಣ್ಣೆಗಾಯಿ ಊಟವಾಯಿತು. ಆಮೇಲೆ ಪಂಚೆ ಮೇಲೆ ಕಟ್ಟಿ, ಬಾನೆಟ್ ಎತ್ತಿಸಿ, ಮುಚ್ಚಳದ ಬೋಲ್ಟು ಬಿಚ್ಚಿ, ಹೆಬ್ಬೆರಳು ಒಳಗೆ ತೂರಿಸಿ ಒತ್ತಿದರು. ಕಣ್ಣು ಮುಚ್ಚಿಕೊಂಡು ಒತ್ತಿದರು, ನಾಡಿ ನೋಡುವವರ ಹಾಗೆ.

"ಬಿರುಕಿಲ್ಲ, ಎಳೆ ಎದ್ದಿಲ್ಲ. ಇದು ಇನ್ನೂ ಹತ್ತು ವರ್ಷ ಬರುತ್ತೆ ಮಾರಾಯ. ಆ ನಾಗಯ್ಯ ನಿಮ್ಮನ್ನ ಅಡಿಕೆ ಸುಲಿದ ಹಾಗೆ ಸುಲೀತಾನೆ ಅಷ್ಟೆ."

ಇದು ಕಣ್ಣಿಗೆ ಕಾಣುವಂಥದ್ದಲ್ಲವಂತೆ, ಓಡಿದ ದೂರದ ಮೇಲೆ ಬದಲಿಸಬೇಕಂತೆ, ಎಂದು ಸುಭದ್ರಮ್ಮ ಹೇಳಿದರು. ಹಾಲಸ್ವಾಮಿ ನಕ್ಕರು.

"ಬೆಲ್ಟ್ ಏನು ಔಷಧಿ ಬಾಟ್ಲಿನಾ, ತಾರೀಕು ನೋಡಿ ಎಸೆಯೋಕೆ? ಬೆಲ್ಟ್ ವಿಷಯ ನಂಗೆ ಹೇಳ್ಕೊಡ್ಬೇಡ ಮಾರಾಯ್ತಿ. ನೀನು ಪಾಲಿಸಿ ಮಾಡ್ಸು."

ಪರಮೇಶ್ವರಪ್ಪನವರೂ ನಕ್ಕರು. ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ ಎಂದೂ ಹೇಳಬಹುದು. ಸುಭದ್ರಮ್ಮ ಒಬ್ಬರೇ ನಾಗಯ್ಯನ ಹತ್ತಿರ ಹೋಗಿ, ದುಡ್ಡು ನಾನು ಕೊಡ್ತೀನಿ, ನೀನು ಹಾಕಿಬಿಡು ಎಂದು ಕೇಳಿದ್ದರು. ನಾಗಯ್ಯ ಕೈ ಒರೆಸುತ್ತಾ ನಿಂತ. ಎಂಜಿನ್ ಬಿಚ್ಚೋ ಕೆಲಸ ಅಕ್ಕ, ಯಜಮಾನರು ಒಂದು ಫೋನು ಮಾಡಿದರೆ ಚೆನ್ನಾಗಿತ್ತು, ಎಂದ. ಯಜಮಾನರು ಫೋನು ಮಾಡಲಿಲ್ಲ. ಅಣ್ಣ ನೋಡಿ ಆಗಿದೆಯಲ್ಲ ಎಂದರು. ಮನೆಯಲ್ಲಿ ಮೂರು ಹೊತ್ತು ಬೇಯಿಸುವ, ಊರೂರು ತಿರುಗಿ ದುಡಿಯುವ ಹೆಂಗಸಿಗೆ, ತಾನು ಓಡಿಸುವ ಕಾರಿನ ಒಂದು ಬೆಲ್ಟನ್ನು ತನ್ನ ದುಡ್ಡಿನಿಂದ ಹಾಕಿಸುವಷ್ಟು ಅಧಿಕಾರ ಇರಲಿಲ್ಲ.

ಬೆಲ್ಟು ಹರಿದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಒಬ್ಬರ ಮನೆಯಲ್ಲಿ ಮಾತು ಮುಗಿಸಿ ಬಂದು, ಕಾರು ಸ್ಟಾರ್ಟ್ ಮಾಡಿದರು. ಹಪ್ಪಳ ಮುರಿದಂಥ ಒಂದು ಸಣ್ಣ ಸದ್ದು. ಎಂಜಿನ್ ನಿಂತಿತು. ಇನ್ನೊಂದು ಸಲ ಕೀಲಿ ತಿರುಗಿಸಿದರೆ ಕೊಡವಿಲ್ಲದ ಬಾವಿಯ ರಾಟೆಯ ಹಾಗೆ ಹಗುರವಾಗಿ ಸುತ್ತಿತು. ಸುಭದ್ರಮ್ಮ ಕೈ ತೆಗೆದುಬಿಟ್ಟರು. ಇಳಿದು ಎಸ್‌ಟಿಡಿ ಬೂತಿನಿಂದ ನಾಗಯ್ಯನಿಗೆ ಫೋನು ಮಾಡಿದರು. ನಾಗಯ್ಯ ಹೇಳಿದ್ದು ಸ್ಪಷ್ಟವಾಗಿತ್ತು. ಕೀಲಿ ಮುಟ್ಟಬೇಡಿ ಅಕ್ಕ, ಯಾರಿಗೂ ತಳ್ಳೋಕೆ ಬಿಡಬೇಡಿ. ನಿಂತ ಗಾಡಿಯಲ್ಲಿ ಹರಿದಿದ್ದರೆ ವಾಲ್ವು ಉಳಿದಿರಬಹುದು. ನ್ಯೂಟ್ರಲ್‌ನಲ್ಲಿ ಹಗ್ಗ ಕಟ್ಟಿ ಎಳೆಸಿಕೊಂಡು ಬನ್ನಿ.

ಆಮೇಲೆ ಗಂಡನಿಗೆ ಫೋನು ಮಾಡಿದರು. ಗಂಡ ಅಣ್ಣನಿಗೆ ಮಾಡಿದರು. ಹಗ್ಗ ಬರುವ ಮುಂಚೆ ಹಾಲಸ್ವಾಮಿಯವರ ಸ್ಕೂಟರ್ ಬಂತು.

ಬೆಲ್ಟು ಹರಿದಿದೆ ಭಾವ, ತಳ್ಳಬಾರದಂತೆ, ಎಂದು ಸುಭದ್ರಮ್ಮ ಹೇಳಿದ್ದನ್ನು ಟೀ ಅಂಗಡಿಯಲ್ಲಿದ್ದವರೆಲ್ಲ ಕೇಳಿದ್ದಾರೆ. ನಾನು ನೋಡಿದ ಬೆಲ್ಟ್ ಹರಿಯೋದಿಲ್ಲ, ಬ್ಯಾಟ್ರಿ ಇಳಿದಿದೆ, ಎಂದರು ಹಾಲಸ್ವಾಮಿ. ಅಲ್ಲೇ ಇದ್ದ ನಾಲ್ಕು ಜನರನ್ನು ಕರೆದು, ತಾವು ಸ್ಟೀರಿಂಗಿಗೆ ಕೂತು, ಎರಡನೇ ಗೇರಿಗೆ ಹಾಕಿ ತಳ್ಳಿಸಿದರು. ಸುಭದ್ರಮ್ಮ ಕಿಟಕಿಯ ಅಂಚು ಹಿಡಿದುಕೊಂಡು ಪಕ್ಕದಲ್ಲೇ ಓಡಿದರು, ಬೇಡ ಭಾವ, ಬೇಡ ಭಾವ ಎನ್ನುತ್ತಾ. ಕ್ಲಚ್ ಬಿಟ್ಟಾಗ ಒಳಗಿನಿಂದ ಬಂದ ಸದ್ದು, ಒಂದು ಹಿಡಿ ನಟ್ಟುಗಳನ್ನು ರುಬ್ಬುವ ಯಂತ್ರಕ್ಕೆ ಹಾಕಿದ ಹಾಗಿತ್ತು. ಮತ್ತೊಂದು ಸಲ ತಳ್ಳಿಸಿದರು. ಮತ್ತೊಂದು ಸಲ. ಕೊನೆಗೆ ಇಳಿದು, ಕೈ ಕೊಡವಿಕೊಂಡು, ನೆರೆದಿದ್ದ ಜನರ ಮುಂದೆ ಕೇಳಿದರು.

"ಏನು ಮಾಡಿಟ್ಟಿದೀಯ ಸುಭದ್ರಾ ಗಾಡೀನ?"

ನಾಗಯ್ಯ ಎಂಜಿನ್ನಿನ ತಲೆ ಬಿಚ್ಚಿ, ಬಾಗಿದ ವಾಲ್ವುಗಳನ್ನು ಪೇಪರಿನ ಮೇಲೆ ಸಾಲಾಗಿ ಇಟ್ಟ. ಸುಭದ್ರಮ್ಮ ಒಬ್ಬರೇ ಇದ್ದಾಗ ಅವನು ಹೇಳಿದ್ದು ಒಂದು. ಬೆಲ್ಟ್ ಯಾರು ಓಡಿಸಿದ್ದರೂ ಹೋಗುತ್ತಿತ್ತು, ಇವು ಬಾಗಿದ್ದು ತಳ್ಳಿಸಿದ್ದಕ್ಕೆ, ಹೋಗಲಿ ಬಿಡಿ ಅಕ್ಕ. ಸಂಜೆ ಅಣ್ಣತಮ್ಮಂದಿರು ಬಂದು ಕುರ್ಚಿ ಎಳೆದು ಕೂತಾಗ ಅವನು ಹೇಳಿದ್ದು ಇನ್ನೊಂದು. ಎಲ್ಲಾ ಸೇರಿ ಆಗಿರುತ್ತೆ ಸಾರ್, ಹೆಂಗಸರು ಕ್ಲಚ್ ಬಿಡುವಾಗ ಸ್ವಲ್ಪ ಜರ್ಕ್ ಆಗುತ್ತಲ್ಲ, ಅದೂ ಒಂದು ಕಾರಣ. ಹಾಲಸ್ವಾಮಿ ತಲೆಯಾಡಿಸಿದರು. ಗೇಟಿನಲ್ಲಿ ಇವಳು ಎಂಜಿನ್ ಆಫ್ ಮಾಡ್ತಾಳೆ, ಆನ್ ಮಾಡ್ತಾಳೆ, ಬೆಲ್ಟಿಗೆ ಎಳೆತ ಬೀಳದೆ ಇರುತ್ತಾ ಎಂದರು. ಡೀಸೆಲ್ ಉಳಿಸುವುದಕ್ಕೆ ಗೇಟಿನಲ್ಲಿ ಆಫ್ ಮಾಡು ಎಂದು ಹೇಳಿಕೊಟ್ಟವರು ಯಾರು ಎಂಬುದು ಅವರಿಗೆ ನೆನಪಿರಲಿಲ್ಲ. ಸುಭದ್ರಮ್ಮನಿಗೆ ನೆನಪಿತ್ತು. ಅವರೇ.

ಖರ್ಚು ಎಷ್ಟಾಯಿತೆಂದರೆ, ಆ ದುಡ್ಡಿನಲ್ಲಿ ಮೊದಲೇ ಬೆಲ್ಟನ್ನು ಐದಾರು ಸಲ ಬದಲಿಸಬಹುದಿತ್ತು. ಕೊಟ್ಟವರು ಸುಭದ್ರಮ್ಮನೇ. ಅದು ಅವರನ್ನು ಅಷ್ಟು ಸುಡಲಿಲ್ಲ. ಸುಟ್ಟದ್ದು ಎಲ್ಲರ ಒಳ್ಳೆಯತನ. ಮೈದುನನ ಮಗಳ ನಾಮಕರಣದಲ್ಲಿ, ಸುಭದ್ರಕ್ಕ ಎಂಜಿನ್ ಒಡೆದರಂತೆ ಎಂದು ಪಿಸುಮಾತಾಡಿದವರೇ ಹತ್ತಿರ ಬಂದು, ಪರವಾಗಿಲ್ಲ ಬಿಡಿ, ಹೆಂಗಸರಿಗೆ ಆಗುತ್ತೆ ಎಂದು ಕೈ ಹಿಡಿದರು. ಪರಮೇಶ್ವರಪ್ಪನವರು ತಾಟಿನ ಮುಂದೆ ಕೂತು, ನಾನು ನಿನಗೆ ಏನಾದರೂ ಅಂದೆನಾ, ಒಂದು ಮಾತು ಅಂದೆನಾ, ಎಂದು ಮೃದುವಾಗಿ ಕೇಳಿದರು. ಮಾಡದ ತಪ್ಪಿಗೆ ಮನೆಯವರೆಲ್ಲ ಸೇರಿ ಕ್ಷಮಿಸಿಬಿಟ್ಟರೆ ಆ ಕ್ಷಮೆಯನ್ನು ಎಲ್ಲಿ ವಾಪಸು ಕೊಡುವುದು? ಜಗಳವಾಡಿದ್ದರೆ ಎದುರು ಜಗಳವಾಡಬಹುದಿತ್ತು. ಸುಭದ್ರಮ್ಮ ಸಾರು ಬಡಿಸಿದರು.

ಕ್ಷಮೆಗೆ ಬೆಲೆಯೂ ಇತ್ತು. ಕಾರು ರಿಪೇರಿಯಾಗಿ ಬಂದ ಮೇಲೆ ಭದ್ರಾವತಿಯಲ್ಲಿ ಅಣ್ಣನ ಶೆಡ್ಡಿನಲ್ಲಿ ಇರಲಿ, ಎಲ್ಲಿಗಾದರೂ ಹೋಗಬೇಕಾದರೆ ಅವನೇ ಕರೆದುಕೊಂಡು ಹೋಗುತ್ತಾನೆ, ಎಂದು ತೀರ್ಮಾನವಾಗಿತ್ತು. ಸುಭದ್ರಮ್ಮ ಮೊದಲಿನ ಹಾಗೆ ಬಸ್ಸಿನಲ್ಲಿ ತಿರುಗಬಹುದು. ಈಗ ಬಸ್ಸೂ ಬೇಕಾದಷ್ಟಿವೆ.

ಕಾರು ಸಿದ್ಧವಾದ ದಿನ ಮಧ್ಯಾಹ್ನ ಮೂವರೂ ಗ್ಯಾರೇಜಿಗೆ ಹೋದರು. ನಾಗಯ್ಯ ಸ್ಟಾರ್ಟ್ ಮಾಡಿ ತೋರಿಸಿದ. ಹೊಸ ಬೆಲ್ಟಿನ ಎಂಜಿನ್ ಒಂದೇ ಸಮ ಗುನುಗಿತು. ಆಫ್ ಮಾಡಿ, ಕೀಲಿಯನ್ನು ಹಾಲಸ್ವಾಮಿಯವರ ಕೈಗೆ ಕೊಟ್ಟ. ಕೇಳದೆಯೇ, ಅವರ ಕೈಗೆ.

ಸುಭದ್ರಮ್ಮ ಹಳೆ ಬೆಲ್ಟ್ ಎಲ್ಲಿ ಎಂದು ಕೇಳಿದರು. ನಾಗಯ್ಯ ಮೂಲೆಯ ಡಬ್ಬಿಯಿಂದ ತೆಗೆದುಕೊಟ್ಟ. ಒಂದೇ ಕಡೆ ಹರಿದಿತ್ತು, ಅಷ್ಟೆ. ಉಳಿದ ಉದ್ದವೆಲ್ಲ ಕಪ್ಪಗೆ, ನುಣ್ಣಗೆ ಇತ್ತು. ಅದನ್ನು ಹರಿದ ತುದಿ ಕೈಯೊಳಗೆ ಮರೆಯಾಗುವ ಹಾಗೆ ಮಡಿಸಿ, ಭಾವನ ಮುಂದೆ ಹಿಡಿದರು.

"ಭಾವ, ಇದೊಂದು ಸ್ವಲ್ಪ ಒತ್ತಿ ನೋಡಿ ಹೇಳಿ."

ಬೆಲ್ಟು ಎಂದ ಕೂಡಲೇ ಹಾಲಸ್ವಾಮಿಯವರಿಗೆ ಬೇರೇನೂ ನೆನಪಾಗುವುದಿಲ್ಲ. ಒತ್ತಿ ನೋಡುವುದಕ್ಕೆ ಎರಡೂ ಕೈ ಬೇಕು. ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಬೆಲ್ಟನ್ನು ಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳು ಒತ್ತಿದರು. ಉದ್ದಕ್ಕೂ ಒತ್ತುತ್ತಾ ಹೋದರು.

"ಬಿರುಕಿಲ್ಲ," ಎಂದರು. "ಎಳೆ ಎದ್ದಿಲ್ಲ. ಗಟ್ಟಿಯಾಗಿದೆ. ಇದನ್ನ ಯಾಕೆ ತೆಗೆದ ಇವನು? ಇನ್ನೂ ಹತ್ತು ವರ್ಷ..."

ಅಷ್ಟರಲ್ಲಿ ಬೆರಳು ಹರಿದ ತುದಿಗೆ ಬಂತು. ಅಲ್ಲಿಂದ ಮುಂದೆ ಬೆಲ್ಟು ಇರಲಿಲ್ಲ.

ನಾಗಯ್ಯ ನೆಲ ನೋಡಿದ. ಪರಮೇಶ್ವರಪ್ಪನವರು ಮೊದಲ ಸಲ ಅಣ್ಣನ ಹೆಬ್ಬೆರಳನ್ನು ನೋಡಿದರು, ಆಮೇಲೆ ಹೆಂಡತಿಯನ್ನು.

"ಹರಿದ ಮೇಲೂ ಹತ್ತು ವರ್ಷ ಬರುತ್ತೆ ಅಂತ ಹೇಳ್ತಿದೆ ಭಾವ ನಿಮ್ಮ ಬೆರಳು," ಎಂದರು ಸುಭದ್ರಮ್ಮ. ದನಿ ಏರಿಸಲಿಲ್ಲ. "ನಾನು ಓಡಿಸಿದ್ದಕ್ಕೆ ಹೋಯ್ತು ಅಂತ ನಾಮಕರಣದ ಮನೇಲಿ ಹೇಳಿಸಿಕೊಂಡೆ. ಅಲ್ಲೇ ಹೋಗಿ ಇದನ್ನೂ ಹೇಳಿ."

ಹಾಲಸ್ವಾಮಿಯವರ ಕೈಯಲ್ಲಿ ಬೆಲ್ಟು ಸತ್ತ ಕೇರೆಹಾವಿನ ಹಾಗೆ ನೇತಾಡುತ್ತಿತ್ತು. ಏನೋ ಹೇಳಲು ಹೋದರು, ಕನ್ವೇಯರ್ ಬೆಲ್ಟ್‌ನಲ್ಲಿ ಹೀಗಾಗೋದಿಲ್ಲ ಎಂದೇನೋ. ಪರಮೇಶ್ವರಪ್ಪನವರು, ಬಿಡಣ್ಣ, ಎಂದರು. ಅಣ್ಣನಿಗೆ ಅವರು ಹಾಗೆ ಹೇಳಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಸುಭದ್ರಮ್ಮ ಬಾನೆಟ್ಟಿನ ಮೇಲಿದ್ದ ಕೀಲಿ ತೆಗೆದುಕೊಂಡರು. ನಾಗಯ್ಯನ ಕಡೆ ತಿರುಗಿ, ನೀನು ಒಬ್ಬರ ಹತ್ತಿರ ಒಂದು, ಇನ್ನೊಬ್ಬರ ಹತ್ತಿರ ಇನ್ನೊಂದು ಹೇಳುವುದಾದರೆ ಇನ್ನು ಮೇಲೆ ನನ್ನನ್ನು ಅಕ್ಕ ಅನ್ನಬೇಡ, ಎಂದರು. ಗಂಡನಿಗೆ, ಬಸ್ಸು ಬೇಕಾದಷ್ಟಿವೆಯಂತೆ, ಭಾವನನ್ನ ಕೂರಿಸಿ ಬನ್ನಿ, ಎಂದರು. ಚಪ್ಪಲಿ ಕಳಚಿ ಕೈಗೆತ್ತಿಕೊಂಡರು. ದೂರದಲ್ಲಿ ರೈಲ್ವೆ ಗೇಟಿನ ಗಂಟೆ ಶುರುವಾಯಿತು.

"ನಂಗೆ ಓಲ್ಡ್ ಟೌನಿನಲ್ಲಿ ಕಾಯ್ತಿದಾರೆ. ಮತ್ತೆ ಭಾವ, ಇದೊಂದು ತಿಳ್ಕೊಳ್ಳಿ, ಗೇಟಿನಲ್ಲಿ ನಾನು ಎಂಜಿನ್ ಆಫ್ ಮಾಡೋದು ಬಿಡೋದು, ಅದು ನನ್ನ ಇಷ್ಟ," ಎನ್ನುತ್ತಲೇ ಅವರು ಬರಿಗಾಲಲ್ಲಿ ಕಾರಿನ ಬಾಗಿಲ ಕಡೆ ನಡೆದು, ಒಳಗೆ ಕೂತು, ಕೀಲಿ ತಿರುಗಿಸಿದರು.